ಕಾಕಾರ ಖೀಮಾ ಖಾತೆ

ಸಾಂಗ್ಲಿಯ ವಿಶ್ರಾಮಬಾಗದಲ್ಲಿ ಇಂಥ ಕಾಕಾ ಒಬ್ಬರಾದರೂ ಇದ್ದೇ ಇರುತ್ತಾರೆ. ಮನೆಯಲ್ಲಿ ಕನ್ನಡ, ಜಗಳಕ್ಕೆ ಮರಾಠಿ, ನಾಯಿಯ ಜೊತೆ ಮಾತ್ರ ಇಂಗ್ಲಿಷ್. ಬ್ಯಾಂಕಿನಿಂದ ನಿವೃತ್ತಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಮೊಟ್ಟೆ ಹಾಕಿದ ಕೇಕು ಇವರ ಹೊಸ್ತಿಲು ದಾಟಿಲ್ಲ. ಆದರೆ ಕುರಿಯ ಯಾವ ಭಾಗದಲ್ಲಿ ಎಷ್ಟು ಸುಣ್ಣ, ಎಷ್ಟು ರಂಜಕ ಎಂದು ಕೇಳಿ ನೋಡಿ, ಮಿರಜದ ಖಾಟಿಕರೇ ಕತ್ತಿ ಕೆಳಗಿಟ್ಟು ಆಲಿಸುತ್ತಾರೆ.

ಎಲ್ಲಕ್ಕೂ ಕಾರಣ ಮನೆಯ ಕಾರವಾನಿ. ಮುಧೋಳ ನಾಯಿಗೆ ಈ ಕಡೆ ಅದೇ ಹೆಸರು. 2005ರಲ್ಲಿ ಅಂಚೆಚೀಟಿಯ ಮೇಲೂ ನಿಂತ ಜಾತಿ. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ 1993ರಲ್ಲಿ ಪುಸ್ತಕ ಬರೆದು, ನಾಯಿಗೆ ಹಸಿ ಮಾಂಸ, ಹಸಿ ಎಲುಬು ಹಾಕಿ ಎಂದರು. ಪುಣೆಯ ಮಗ ಆ ಸುದ್ದಿ ತಂದ. ಕಾಕಾರಿಗೆ ಎರಡನೇ ಸಲ ದೀಕ್ಷೆಯಾಯಿತು.

ನಾಯಿಯ ತೂಕ 24 ಕಿಲೋ. ದಿನಕ್ಕೆ ಅದರ ಶೇ. 2.5, ಅಂದರೆ 600 ಗ್ರಾಂ: ಮಾಂಸ 480, ಎಲುಬು 60, ಲಿವರ್ 30, ಗುರ್ದಾ-ಗಿರ್ದಾ 30. ಲಿವರ್ 31 ಆಯಿತೋ, ಮರುದಿನ ಒಂದು ಗ್ರಾಂ ವಜಾ. "ಎ ವಿಟಮಿನ್ ಓವರ್‌ಡ್ರಾಫ್ಟ್ ಆಗಬಾರದ್ರಿ." ಮೇಲೆ ಚಿಟಿಕೆ ಅರಿಷಿಣ. 2018ರಲ್ಲಿ ಜಿಐ ಟ್ಯಾಗ್ ಪಡೆದ ಸಾಂಗ್ಲಿ ಅರಿಷಿಣ ಊರ ನಾಯಿಗೇ ಸಿಗದಿದ್ದರೆ ಹೇಗೆ?

ತೂಗುವುದೆಲ್ಲ ಕಾರಿನ ಶೆಡ್ಡಿನಲ್ಲಿ, ಮೂಗಿಗೆ ಟವೆಲ್ ಕಟ್ಟಿಕೊಂಡು. ನಾಯಿಯ ಫ್ರಿಜ್ಜೂ ಅಲ್ಲೇ. ಕಾಕೂ ಗೆರೆ ಎಳೆದಿದ್ದಾರೆ: "ಆ ಕೈಲೆ ನನ್ನ ರೊಟ್ಟಿಬುಟ್ಟಿ ಮುಟ್ಟಿದ್ರ ನೀವೂ ಶೆಡ್ಡಿನ್ಯಾಗಽ ಉಣ್ರಿ." ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾ ಇರಬಹುದು, ಕೈ-ಪಾತ್ರೆ ಜೋಪಾನ ಎಂದು ಪಶುವೈದ್ಯರು ಹೇಳುವುದೂ ಇದನ್ನೇ, ಇಷ್ಟು ಚೆನ್ನಾಗಿ ಅಲ್ಲ.

"ಇದು ತೋಳದ ವಂಶ" ಎನ್ನುತ್ತಾರೆ ಕಾಕಾ. ಇವರ ಅಜ್ಜನ ಕಾರವಾನಿ ಜೋಳದ ರೊಟ್ಟಿ, ಮಜ್ಜಿಗೆ ಉಂಡು ಮೊಲ ಹಿಡಿಯುತ್ತಿತ್ತು. ನಾಯಿ ಪಿಷ್ಟವನ್ನು ತೋಳಕ್ಕಿಂತ ಚೆನ್ನಾಗಿ ಅರಗಿಸುತ್ತದೆಂದು ಸ್ವೀಡನ್ನಿನ ಸಂಶೋಧಕರು 2013ರಲ್ಲಿ ವಂಶವಾಹಿ ಹಿಡಿದೇ ತೋರಿಸಿದರು. ಕಾಕಾ ಅದನ್ನು ಒಪ್ಪುವುದು ಶ್ರಾವಣ ಸೋಮವಾರಗಳಲ್ಲಿ ಮಾತ್ರ. ಅಂದು ನಾಯಿಗೂ ರೊಟ್ಟಿ. ಅದು ಬಾಲ ಅಲ್ಲಾಡಿಸುತ್ತ ತಟ್ಟೆ ನೆಕ್ಕಿ ಬೆಳಗುತ್ತದೆ. ಕಾಕಾರಿಗೆ ಇದೊಂದು ಕೊರಗು.

ಶ್ರಾವಣದಲ್ಲಿ ಅಂಗಡಿಗೆ ಕಾಲಿಡುವಂತಿಲ್ಲ, ಸೋಮವಾರ ಬಿಟ್ಟು ಉಳಿದ ದಿನಗಳಿಗೆ 15 ಕಿಲೋ ಚಿಲ್ಲರೆ ದಾಸ್ತಾನು ಬೇಕು. ಅದಕ್ಕೆ ಶ್ರಾವಣದ ಮುನ್ನಾದಿನದ ಗಟಾರಿ ಅಮಾವಾಸ್ಯೆ, ಮಹಾರಾಷ್ಟ್ರಕ್ಕೆ ಮಹಾರಾಷ್ಟ್ರವೇ ಮಟನ್ ಅಂಗಡಿಗೆ ಪಾಳಿ ಹಚ್ಚುವ ದಿನ. ಗುರುತಿನವರು ಕಾಣದಿರಲೆಂದು ಕಾಕಾ ಮಿರಜಕ್ಕೆ ಹೋಗುತ್ತಾರೆ. ಸಾಂಗ್ಲಿಯ ಅರ್ಧ ಜನ ಅದೇ ವಿಚಾರ ಮಾಡಿ ಅಲ್ಲಿಗೆ ಬಂದಿರುತ್ತಾರೆ. ಕಳೆದ ಸಲ ಪಾಳಿಯಲ್ಲಿ ಮುಂದೆ ನಿಂತವರು ತಿರುಗಿದರೆ, ಸಾಕ್ಷಾತ್ ಬೀಗರು! ಅದೇ ವಿಭೂತಿ, ಕೈಯಲ್ಲಿ ಮುಚ್ಚಳದ ಡಬ್ಬಿ.

"ನಮ್ಮ ನಾಯಿಗ್ರಿ" ಎಂದರು ಕಾಕಾ.

"ನಮ್ದೂ ನಾಯಿಗೇ ರಿ" ಎಂದರು ಬೀಗರು.

ಕಾಕಾ ಹಿಗ್ಗಿದರು. "ಎಲುಬು ಕುದಸಬ್ಯಾಡ್ರಿ ಮತ್ತ, ಸೀಳಿ ಕರುಳಿಗೆ ಚುಚ್ಚತಾವು. ಉಪ್ಪು-ಖಾರ ಬ್ಯಾಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಅಂತೂ ನಾಯಿಗೆ ವಿಷ, ರಕ್ತಽ ಕೆಡಸ್ತಾವು."

ಬೀಗರು ಆಚೀಚೆ ನೋಡಿ ದನಿ ತಗ್ಗಿಸಿದರು. "ಹಂಗಂದ್ರ ಹೆಂಗ್ರಿ ಬೀಗರ? ನಮ್ಮ ನಾಯಿ ಉಳ್ಳಾಗಡ್ಡಿ ಇಲ್ಲದ ಮುಟ್ಟಂಗಽ ಇಲ್ರಿ."