ಆವಾಜ್ ಅಣ್ಣಾ

ಚಿಕ್ಕೋಡಿ ಸೀಮೆಯ ಯಾವ ಊರಿಗೆ ಹೋದರೂ ಒಬ್ಬ ಆವಾಜ್ ಅಣ್ಣಾ ಸಿಕ್ಕೇ ಸಿಗುತ್ತಾನೆ. ನಿಪ್ಪಾಣಿಯಲ್ಲಿ ತಂಬಾಕು ಹೇರುತ್ತಾನೆ, ಅಥಣಿಯಲ್ಲಿ ದ್ರಾಕ್ಷಿ ಹೇರುತ್ತಾನೆ, ರಾಯಬಾಗದಲ್ಲಿ ಬೆಲ್ಲ, ಕಾಗವಾಡದಲ್ಲಿ ಸಿಕ್ಕಿದ್ದು. ಮಾಲು ಬದಲಾದರೂ ಅಣ್ಣಾ ಬದಲಾಗುವುದಿಲ್ಲ. ಕೆಎ-23 ನಂಬರಿನ ಹಳೆಯ ಬಿಳಿ ಬೊಲೆರೊ ಪಿಕಪ್, ಮುಂದಿನ ಗಾಜಿಗೆ ಚಿಂಚಲಿ ಮಾಯಕ್ಕಾದೇವಿಯ ಹೆಸರು, ಹಿಂದೆ ಮರಾಠಿಯಲ್ಲಿ ‘ಆಯೀಚಾ ಆಶೀರ್ವಾದ’. ಕೆಳಗೆ, ಸೈಲೆನ್ಸರ್ ಇರಬೇಕಾದಲ್ಲಿ, ಬರೀ ಪೈಪು.

ಸೈಲೆನ್ಸರ್ ಯಾಕೆ ತೆಗೆಸಿದೆ ಎಂದು ಯಾರೂ ಕೇಳದಿದ್ದರೂ ಅಣ್ಣಾ ಹೇಳುತ್ತಾನೆ: “ಗಾಡಿಗೆ ಉಸಿರ ಕಟ್ಟಿದಂಗ ಆಗಿತ್ರಿ. ಈಗ ಮೋಕಳಾ ಆತು. ತವಂದಿ ಘಾಟ್ ಹೆಂಗ ಏರತೈತಿ ನೋಡಬೇಕ ನೀವು!” ನೋಡಿದವರು ಹೇಳುವುದು ಬೇರೆ. ಘಾಟಿನಲ್ಲಿ ಗಾಡಿ ಮೊದಲಿನ ಹಾಗೇ ಏರುತ್ತದೆ. ಮೀಟರಿನ ಮುಳ್ಳು ಮೂವತ್ತರಲ್ಲಿರುತ್ತದೆ, ಅಣ್ಣಾ ಮಾತ್ರ ತೊಂಬತ್ತರಲ್ಲಿರುತ್ತಾನೆ.

ಆ ಸೈಲೆನ್ಸರ್ ಡಬ್ಬಿ ಮಾಡುತ್ತಿದ್ದ ಕೆಲಸವೇನು ಎಂಬುದು ಅಣ್ಣಾನಿಗೆ ಬೇಕಾಗಿಲ್ಲ. ಎಂಜಿನ್ನಿನಿಂದ ಸುಟ್ಟ ಗಾಳಿ ಪ್ರತಿ ಹೊಡೆತಕ್ಕೂ ಒತ್ತಡದಿಂದ ಹೊರಗೆ ನುಗ್ಗುತ್ತದೆ. ಡಬ್ಬಿಯೊಳಗಿನ ಖೋಲಿಗಳಲ್ಲಿ, ತೂತು ಕೊರೆದ ಕೊಳವೆಗಳಲ್ಲಿ ಆ ಸದ್ದಿನ ಅಲೆಗಳು ಗೋಡೆಗೆ ಬಡಿದು ತಿರುಗಿ ಬಂದು, ಹಿಂದಿನಿಂದ ಬರುವ ಅಲೆಗಳಿಗೆ ಎದುರಾಗಿ ಒಂದನ್ನೊಂದು ಅಳಿಸಿಹಾಕುತ್ತವೆ. ಅತ್ತೆ ಸೊಸೆಯರ ಜಗಳ ಅಡುಗೆಮನೆಯಲ್ಲೇ ಮುಗಿದು ಓಣಿಗೆ ಬರೀ ಗೊಣಗಾಟ ಕೇಳಿಸಿದ ಹಾಗೆ. ಅಮೆರಿಕದ ರೀವ್ಸ್ ಸಹೋದರರು 1897ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಅಣ್ಣಾ ಅದನ್ನು ಒಂದೇ ದಿನದಲ್ಲಿ ಕಿತ್ತುಹಾಕಿಸಿದ.

ಕಿತ್ತದ್ದೂ ನೋಡುವಂಥದೇ. ಜಂಗು ಹಿಡಿದ ಬೋಲ್ಟುಗಳಿಗೆ ಮಿಸ್ತ್ರಿ ಡೀಸೆಲ್ ಸುರಿದ, ಪಾನಾ ಹಾಕಿದ, ಪಾನಾದ ಮೇಲೆ ಹತ್ತಿ ನಿಂತ. ಬೋಲ್ಟು ಜಗ್ಗಲಿಲ್ಲ. ಕೊನೆಗೆ ಗ್ಯಾಸ್ ಕಟ್ಟರ್ ಬಂತು. ಡಬ್ಬಿ ಧಪ್ಪನೆ ಕೆಳಗೆ ಬಿದ್ದು ಮಸಿ ಕಾರಿತು. ಜೋತಾಡುತ್ತಿದ್ದ ಹ್ಯಾಂಗರ್ ರಬ್ಬರಿಗೆ ತಂತಿ ಬಿಗಿದು ಪೈಪು ತೂಗಿಬಿಟ್ಟರು. ಡಬ್ಬಿಯನ್ನು ಗುಜರಿಗೆ ಹಾಕಿ ಬಂದ ರೊಕ್ಕದಲ್ಲಿ ಅಣ್ಣಾ ಎಲ್ಲರಿಗೂ ಮಿಸಳ್ ತಿನ್ನಿಸಿದ. ಗುಜರಾತ್, ಮಹಾರಾಷ್ಟ್ರಗಳಲ್ಲಿ ಮಾರುತಿ ಇಕೋ ಗಾಡಿಗಳ ಸೈಲೆನ್ಸರನ್ನು ಕಳ್ಳರು ರಾತ್ರೋರಾತ್ರಿ ಬಿಚ್ಚಿಕೊಂಡು ಹೋದದ್ದುಂಟು. ಅದರೊಳಗೆ ಪ್ಲಾಟಿನಮ್, ಪಲ್ಲಾಡಿಯಂ, ರೋಡಿಯಂ ಎಂಬ ಭಾರೀ ಬೆಲೆಯ ಲೋಹಗಳಿರುತ್ತವೆ. ಅಣ್ಣಾನ ಗಾಡಿಗೆ ಆ ಭಯವಿಲ್ಲ. ಕಳ್ಳ ಬರುವ ಮೊದಲೇ ಮಾಲೀಕ ಬಂದು ಹೋಗಿದ್ದ.

ಕಾನೂನು ಇದೆ. ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೇ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಜೈಲು. ಅಣ್ಣಾ ಇದಕ್ಕೂ ಉತ್ತರ ಇಟ್ಟುಕೊಂಡಿದ್ದಾನೆ: “ಹಾರ್ನ್ ಕೆಟ್ಟೈತ್ರಿ ಸಾಹೇಬ್ರ. ಮಂದಿ ಬಾಜೂ ಸರೀಬೇಕಲ್ರಿ?” ಅವನ ಸದ್ದಿಗೆ ಗಡಿಯೂ ಇಲ್ಲ: ಕರ್ನಾಟಕ-ಮಹಾರಾಷ್ಟ್ರ ಗಡಿಯ ವಾದ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ, ಅಣ್ಣಾ ಕಾಗವಾಡದಲ್ಲಿ ಗೇರು ಬದಲಿಸಿದರೆ ಮಹಾರಾಷ್ಟ್ರದ ಎಮ್ಮೆ ಕಿವಿ ನಿಮಿರಿಸುತ್ತದೆ.

ತಾನು ಬಂದದ್ದು ನಾಲ್ಕು ಮಂದಿಗೆ ಗೊತ್ತಾಗಬೇಕು ಎಂಬುದೇ ಅಣ್ಣಾನ ಆಸೆ. ಆ ಆಸೆ ಪೂರ್ತಿ ಈಡೇರಿದೆ. ಗಾಡಿ ಹಳ್ಳದ ಸೇತುವೆ ಏರಿದಾಗ ಹೆಂಡತಿ ಒಲೆಯ ಮೇಲೆ ಹಂಚು ಇಡುತ್ತಾಳೆ. ಶಾಲೆಯ ತಿರುವಿಗೆ ಬಂದಾಗ ರೊಟ್ಟಿ ಬಡಿಯುತ್ತಾಳೆ. ಗಾಡಿ ಶಾಲೆಯ ಹತ್ತಿರ ನಿಂತು, ಆಮೇಲೆ ಧಾಬಾದ ಕಡೆ ಹೊರಳಿದರೆ ಹಂಚು ಇಳಿಸಿ ಬೇರೆ ತಯಾರಿ ಮಾಡಿಕೊಳ್ಳುತ್ತಾಳೆ. ಸಾಲದ ಕಂತಿನವನಿಗೂ ಅನುಕೂಲವಾಗಿದೆ. ಮೊನ್ನೆ ಫೋನಿನಲ್ಲಿ ಅಣ್ಣಾ, “ನಾ ಮಿರಜಿನ್ಯಾಗ ಅದೀನ್ರಿ, ನಾಳೆ ಬಂದ ಕೊಡತೀನಿ” ಎಂದ. ಆ ಕಡೆಯಿಂದ ಶಾಂತವಾಗಿ ಉತ್ತರ ಬಂತು: “ಆತ್ರಿ ಅಣ್ಣಾ, ಆದ್ರ ಹಿತ್ತಲದಾಗ ಚಾಲೂ ಮಾಡಿದ ಗಾಡಿ ಬಂದ್ ಮಾಡ್ರಿ. ನಾ ನಿಮ್ಮ ಕಟ್ಟಿ ಮ್ಯಾಲ ಕುಂತೀನಿ, ನೀವ ಅಂದದ್ದ ಕೇಳವಲ್ದು.” ಊರಿನಲ್ಲಿ ಎಲ್ಲರಿಗೂ ತಲೆ ತಪ್ಪಿಸಿಕೊಳ್ಳುವ ಹಕ್ಕಿದೆ, ಅಣ್ಣಾ ಅದನ್ನು ಡಬ್ಬಿಯ ಜೊತೆ ಗುಜರಿಗೆ ಹಾಕಿದ್ದಾನೆ.

ವರ್ಷಕ್ಕೊಮ್ಮೆ ಕಷ್ಟ ಬರುತ್ತದೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಆಗಬೇಕು, ಎಫ್‌ಸಿಗೆ ಸೈಲೆನ್ಸರ್ ಬೇಕು. ಅದಕ್ಕೆಂದೇ ಮಿಸ್ತ್ರಿಯ ಅಟ್ಟದ ಮೇಲೆ ಒಂದು ಸೈಲೆನ್ಸರ್ ಇದೆ. ಊರಿನ ಆವಾಜ್ ಅಣ್ಣಾಗಳೆಲ್ಲ ಪಾಳಿ ಹಚ್ಚಿ ಅದನ್ನು ಬಾಡಿಗೆಗೆ ಒಯ್ಯುತ್ತಾರೆ. ಅವರೆಲ್ಲರ ಪೈಕಿ ಅತಿ ಹೆಚ್ಚು ಸಲ ಎಫ್‌ಸಿ ಪಾಸಾದದ್ದು ಆ ಸೈಲೆನ್ಸರೇ.

ಈ ಸಲ ಅದನ್ನು ಬಿಗಿಸಿಕೊಂಡು ಹೊರಟ ಅಣ್ಣಾ ಎರಡು ಮೈಲಿ ಹೋಗುವಷ್ಟರಲ್ಲಿ ಗಾಡಿ ನಿಲ್ಲಿಸಿಬಿಟ್ಟ. ಗದ್ದಲದಲ್ಲಿ ಇಷ್ಟು ದಿನ ಕೇಳದಿದ್ದದ್ದು ಒಂದೊಂದಾಗಿ ಕೇಳತೊಡಗಿತ್ತು: ಎಡಗಡೆಯ ಚಕ್ರದ ಬೇರಿಂಗ್ ಗುರ್ ಅನ್ನುತ್ತಿದೆ, ಪಾಟಾ ಕಿರುಗುಟ್ಟುತ್ತಿದೆ, ಗೇರ್ ಬಾಕ್ಸು ಅಳುತ್ತಿದೆ, ಬಾಗಿಲು ಚಳಿ ಹಿಡಿದಂತೆ ಕಟಕಟ ಅನ್ನುತ್ತಿದೆ. ಬೆವರು ಸುರಿಸುತ್ತ ಮಿಸ್ತ್ರಿಯ ಹತ್ತಿರ ಬಂದ. ಮಿಸ್ತ್ರಿ ಕಿವಿಗೊಟ್ಟು ಕೇಳಿ, ಬೆರಳು ಮಡಚಿ, ಇಪ್ಪತ್ತು ಸಾವಿರದ ಲೆಕ್ಕ ಹೇಳಿದ.

ಅಣ್ಣಾ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಗಾಡಿಯ ಕೆಳಗೆ ಬೆರಳು ಮಾಡಿ ಹೇಳಿದ: “ಎಫ್‌ಸಿ ಆದಮ್ಯಾಲ ಇದೊಂದ ಬಿಚ್ಚ ಬಿಡೋ ತಮ್ಮಾ. ಉಳದದ್ದೆಲ್ಲಾ ತಾನ ಆರಾಮ ಆಗತೈತಿ.”