ಎಲ್ಲ ಹಿಡೀತದ ಬುಡಿ ಸಾ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಡುವ ಟೆಂಪೋದವರಿಗೂ ಆ ಎರಡೂ ಊರುಗಳ ಮದುವೆ ವಿಡಿಯೋದವರಿಗೂ ಗುರುಗಳು ಒಬ್ಬರೇ ಇರಬೇಕು. ಇಬ್ಬರ ಬಾಯಲ್ಲೂ ಒಂದೇ ಮಂತ್ರ: ‘ಎಲ್ಲ ಹಿಡೀತದ ಬುಡಿ ಸಾ.’ ಟೆಂಪೋದವನು ಜನರನ್ನು ಹಿಡಿಸುತ್ತಾನೆ, ವಿಡಿಯೋದಣ್ಣ ಚಪ್ಪರ, ದೇವರೂಟ, ಧಾರೆ, ಬೀಗರ ಔತಣಗಳನ್ನು ಒಂದೇ ಡಿವಿಡಿಗೆ ಹಿಡಿಸುತ್ತಾನೆ. ಮೈತುಂಬ ಜೇಬಿರುವ ಆ ಅಂಗಿಯವನನ್ನು ಹಗುರವಾಗಿ ಕಾಣುವಂತಿಲ್ಲ. ತಾಳಿ ಕಟ್ಟುವ ಕೈಯನ್ನು ತಡೆದು ‘ಇನ್ನೊಂದ್ಸಲ, ಇಲ್ಲಿ ನೋಡ್ಕಂಡು’ ಎನ್ನುವ ಅಧಿಕಾರ ಪುರೋಹಿತರಿಗೂ ಇಲ್ಲ, ಇವನಿಗಿದೆ. ಇಷ್ಟು ಅಧಿಕಾರವುಳ್ಳವನ ಡಿಸ್ಕಿನಲ್ಲಿ ಮದುಮಗಳ ಮುಖ ಚೌಕಾಬಾರದ ಮನೆಯಂತೆ ಕಾಣುವುದೇಕೆ? ಜನ ಕ್ಯಾಮೆರಾವನ್ನು ಬೈಯುತ್ತಾರೆ, ಅವನು ಡಿವಿಡಿ ಪ್ಲೇಯರನ್ನು ಬೈಯುತ್ತಾನೆ. ತಪ್ಪು ಎರಡರಲ್ಲೂ ಇಲ್ಲ, ಹಂಚಿಕೆಯಲ್ಲಿದೆ. ಅವನು ನಡೆಸುತ್ತಿರುವುದು ಸ್ಟುಡಿಯೋ ಅಲ್ಲ, ಬಿಟ್‌ಗಳ ನ್ಯಾಯಬೆಲೆ ಅಂಗಡಿ. ಅಲ್ಲಿ ದಾಸ್ತಾನು ಕಡಿಮೆಯಿರುವುದು ಅಪರಾಧವಲ್ಲ. ಯಾರಿಗೆ ಎಷ್ಟು ಅಳೆದ ಎಂಬುದಷ್ಟೇ ಪ್ರಶ್ನೆ.

ಕುಗ್ಗಿಸುವುದೇ ಪಾಪ ಎನ್ನುವ ಶುದ್ಧಾಂತಃಕರಣದವರಿಗೆ ಮೊದಲು ಲೆಕ್ಕ ಒಪ್ಪಿಸಬೇಕು. ನಮ್ಮ ಡಿವಿಡಿಯ ಚಿತ್ರ 720ಕ್ಕೆ 576 ಚುಕ್ಕಿಗಳದು, ಸೆಕೆಂಡಿಗೆ 25 ಚಿತ್ರ. ಅದನ್ನು ಕುಗ್ಗಿಸದೆ ಹಸಿಯಾಗಿ ತುಂಬಿದರೆ ಸೆಕೆಂಡಿಗೆ ಸುಮಾರು 12 ಕೋಟಿ 44 ಲಕ್ಷ ಬಿಟ್ ಬೇಕು, 4.7 ಜಿಬಿಯ ಡಿಸ್ಕು ಐದೇ ನಿಮಿಷಕ್ಕೆ ಭರ್ತಿಯಾಗಿ, ವರಪೂಜೆಯ ಆರತಿ ಮುಗಿಯುವ ಮೊದಲೇ ಮಂಗಳ ಹಾಡಬೇಕಾಗುತ್ತದೆ. ಎಂಪೆಗ್-2 ವಿಧಾನ ಅದನ್ನು ಇಪ್ಪತ್ತರಲ್ಲಿ ಒಂದು ಪಾಲಿಗೂ ಕೆಳಗೆ ಇಳಿಸುವುದರಿಂದಲೇ ಎರಡು ಗಂಟೆಯ ಸಿನಿಮಾ ಚೊಕ್ಕಟವಾಗಿ ಹಿಡಿಯುವುದು. ಹಸಿ ಅರಿಶಿನವನ್ನು ಬೇಯಿಸಿ ಒಣಗಿಸಿದರೆ ಐದರಲ್ಲಿ ಒಂದು ಪಾಲಿನಷ್ಟು ಉಳಿಯುತ್ತದೆ. ಹಾಗೆಂದು ಈ ಸೀಮೆಯ ರೈತರ್‍ಯಾರೂ ಅರಿಶಿನ ಕೆಟ್ಟಿತು ಎನ್ನುವುದಿಲ್ಲ. ಕೆಡುವುದು ಬೇಯಿಸಿದ್ದರಿಂದಲ್ಲ, ಬೇಯಿಸುವ ರೀತಿಯಿಂದ.

ವಿಡಿಯೋದಣ್ಣನ ಮೊದಲನೆಯ ರೀತಿ ಸಮಪಾಲು. ಎರಡು ಗಂಟೆಗೆ ಹಂಚಿದರೆ ಪ್ರತಿ ಸೆಕೆಂಡಿಗೆ 52 ಲಕ್ಷ ಬಿಟ್ ಸಿಗುತ್ತದೆ. ಅವನು ನಾಲ್ಕು ಗಂಟೆ ಹಿಡಿಸಿದ್ದರಿಂದ 26 ಲಕ್ಷ. ಅಷ್ಟನ್ನೂ ಮದುವೆಯ ಎಲ್ಲ ಗಳಿಗೆಗೂ ಸಮನಾಗಿ ಅಳೆಯುತ್ತಾನೆ. ಸಮಾನತೆ ದೊಡ್ಡ ಮಾತೇ. ಆದರೆ ಮದುವೆಯ ಗಳಿಗೆಗಳು ಸಮಾನವಲ್ಲ. ಮುಯ್ಯಿ ಮಾಡುವವರ ಸಾಲನ್ನು ನೋಡಿ: ಕ್ಯಾಮೆರಾ ನಿಂತಲ್ಲೇ ನಿಂತಿದೆ, ಹಿಂದಿನ ಪರದೆ ಅದೇ, ಹೆಣ್ಣುಗಂಡಿನ ಸುಸ್ತಾದ ನಗುವೂ ಅದೇ. ಹಿಂದಿನ ಚಿತ್ರವನ್ನೇ ಮುಂದಿನದಕ್ಕೂ ಬಳಸಿಕೊಳ್ಳುವ ಎಂಪೆಗ್‌ಗೆ ಇಲ್ಲಿ ಅರೆಹೊಟ್ಟೆಯ ಪಡಿತರ ಸಾಕು. ಆದರೆ ಗಟ್ಟಿಮೇಳ ಎದ್ದೊಡನೆ ನೂರು ಕೈಗಳಿಂದ ಅಕ್ಷತೆ ಹಾರುತ್ತದೆ, ಫ್ಲ್ಯಾಷುಗಳು ಮಿಂಚುತ್ತವೆ, ಚೆಂಡುಹೂ ಉದುರುತ್ತದೆ. ಒಂದೊಂದು ಅಕ್ಕಿಕಾಳೂ ಒಂದೊಂದು ದಿಕ್ಕು ಹಿಡಿದರೆ ಹಿಂದಿನ ಚಿತ್ರದಿಂದ ಊಹಿಸುವುದಕ್ಕೆ ಏನೂ ಉಳಿಯುವುದಿಲ್ಲ. ಬೇಡಿಕೆ ಆಕಾಶಕ್ಕೇರುತ್ತದೆ, ಪಡಿ ಮಾತ್ರ ಅದೇ 26 ಲಕ್ಷ. ಹೀಗಾಗಿ ಐವತ್ತೊಂದು ರೂಪಾಯಿ ಮುಯ್ಯಿ ಮಾಡಿದ ದೂರದ ನೆಂಟರ ಮೀಸೆ ಎಳೆಎಳೆಯಾಗಿ ಕಾಣುತ್ತದೆ, ತಾಳಿ ಕಾಣುವುದಿಲ್ಲ.

ಎರಡನೆಯ ರೀತಿಯಲ್ಲಿ ಕಂಪ್ಯೂಟರು ಮದುವೆಯನ್ನು ಎರಡು ಸಲ ನೋಡುತ್ತದೆ. ಮೊದಲ ಸಲ ಎಲ್ಲಿ ಗದ್ದಲ, ಎಲ್ಲಿ ಮೌನ ಎಂದು ಬರೆದುಕೊಂಡು, ಎರಡನೆಯ ಸಲ ಮುಯ್ಯಿಯ ಸಾಲಿನಲ್ಲಿ ಉಳಿಸಿದ್ದನ್ನು ಅಕ್ಷತೆಗೆ ಬಡಿಸುತ್ತದೆ. ಡಿಸ್ಕು ಅದೇ, ಒಟ್ಟು ಬಿಟ್ಟು ಅಷ್ಟೇ. ಮೂರನೆಯದು ಅವಸರದ ರೀತಿ. ಬೀಗರು 8.5 ಜಿಬಿಯ ಎರಡು ಪದರದ ಡಿಸ್ಕು ತಂದು 4.7ರದಕ್ಕೆ ಇಳಿಸಿಕೊಡಿ ಎಂದಾಗ ಅವನು ಚಿತ್ರವನ್ನು ಪೂರ್ತಿ ಬಿಡಿಸಿ ಹೊಸದಾಗಿ ಹೆಣೆಯುವುದಿಲ್ಲ. ಒಳಗಿನ ಅಂಕಿಗಳನ್ನೇ ಇನ್ನಷ್ಟು ಒರಟಾಗಿ ದುಂಡಗೆ ಮಾಡುತ್ತಾನೆ. ಸ್ವಲ್ಪ ಇಳಿಸುವುದಾದರೆ ಇದು ಸಾಕು, ಬೇಗನೂ ಮುಗಿಯುತ್ತದೆ. ಅರ್ಧಕ್ಕರ್ಧ ಇಳಿಸಿದರೆ ತಪ್ಪು ಒಂದು ಚಿತ್ರದಿಂದ ಮುಂದಿನದಕ್ಕೆ ಚಾಡಿಯಂತೆ ಬೆಳೆಯುತ್ತ ಹೋಗಿ, ಸುಮಾರು ಅರ್ಧ ಸೆಕೆಂಡಿಗೊಮ್ಮೆ ಪೂರ್ಣಚಿತ್ರ ಬಂದಾಗ ತಟ್ಟನೆ ಸರಿಹೋಗುತ್ತದೆ. ನೋಡುವವರಿಗೆ ಛತ್ರದ ಗೋಡೆ ಏದುಸಿರು ಬಿಟ್ಟಂತೆ ಕಾಣುತ್ತದೆ.

‘ಯಾರ್ ಸಾ ಅದ ನೋಡೋರು? ಅವರವರ ಮೊಕ ಬಂದದಾ ಅಂತ ನೋಡ್ಕತರ, ಅಷ್ಟೆ’ ಎಂಬುದು ಅವನ ವಾದ. ಇಪ್ಪತ್ತೊಂದು ಇಂಚಿನ ಡಬ್ಬದ ಟೀವಿಯ ಕಾಲಕ್ಕೆ ಅದು ನಿಜವೂ ಆಗಿತ್ತು. ಆ ಪರದೆ ಎಲ್ಲರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಇಂದಿನ ಚಪ್ಪಟೆ ಟೀವಿ ಅತ್ತೆಮನೆಯಂತೆ, ಸಣ್ಣ ಕೊರತೆಯನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ‘ಈಗ ಡಿವಿಡಿ ಯಾರ್ ಕೇಳ್ತರ, ಪೆನ್‌ಡ್ರೈವ್‌ಗೆ ಹಾಕ್ಕೊಡ್ತೀನಿ’ ಎಂಬುದು ಇನ್ನೊಂದು. 2003ರಲ್ಲಿ ಬಂದ ಎಚ್.264 ಎಂಪೆಗ್-2ರ ಸುಮಾರು ಅರ್ಧ ಬಿಟ್‌ನಲ್ಲೇ ಅಂಥದೇ ಚಿತ್ರ ಕೊಡಬಲ್ಲದು, ಒಪ್ಪೋಣ. ಆದರೆ ಕೆಟ್ಟ ಡಿಸ್ಕಿನಿಂದ ಅದಕ್ಕೆ ಇಳಿಸಿದರೆ ಅದು ಚೌಕಗಳನ್ನೇ ಭಕ್ತಿಯಿಂದ ಕಾಪಾಡುತ್ತದೆ. ಒಮ್ಮೆ ಕಳೆದ ಅಕ್ಷತೆಯನ್ನು ಯಾವ ಹೊಸ ವಿಧಾನವೂ ಹೆಕ್ಕಿ ತರುವುದಿಲ್ಲ.

ಉಳಿದದ್ದು ‘ಟೈಮ್ ಎಲ್ಲದ ಸಾ?’ ಎಂಬ ಕೊನೆಯ ಆಕ್ಷೇಪ. ಎರಡು ಸಲ ನೋಡುವುದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಹೊತ್ತು ಬೇಕು, ನಿಜ. ಆದರೆ ಆ ಹೊತ್ತು ಕಂಪ್ಯೂಟರಿನದು, ಅವನದಲ್ಲ. ಬಂಡೀಪುರದ ದಾರಿಗೆ ರಾತ್ರಿ 9ಕ್ಕೆ ಬಿದ್ದ ಗೇಟು ಏಳುವುದು ಬೆಳಿಗ್ಗೆ 6ಕ್ಕೆ. ಗುಂಡ್ಲುಪೇಟೆಯ ವಿಡಿಯೋದಣ್ಣ ಅಷ್ಟು ಹೊತ್ತು ಯಂತ್ರಕ್ಕೆ ಕೆಲಸ ಹಚ್ಚಿ ಮಲಗಿದರೆ ಸಾಕು. ಅದೂ ಆಗದಿದ್ದರೆ ಆಷಾಢವಿದೆ, ಮದುವೆಗಳಿಲ್ಲದ ತಿಂಗಳು. ಆಗಲೇ ಚಾಮರಾಜೇಶ್ವರನ ತೇರು. ಹೊಸದಾಗಿ ಮದುವೆಯಾದವರು ಜೋಡಿಜೋಡಿಯಾಗಿ ಬಂದು ಹಣ್ಣುಜವನ ಎಸೆಯುತ್ತಾರೆ. ವೈಶಾಖದ ಮದುವೆಯ ಡಿಸ್ಕನ್ನು ಅವನು ಕೊಡುವುದೂ ಹೇಗಿದ್ದರೂ ಆ ಹೊತ್ತಿಗೇ. ಇಷ್ಟು ತಡಮಾಡಿಯೂ ಅವಸರದ ಕೆಲಸವನ್ನೇ ಕೊಡುವುದಿದೆಯಲ್ಲ, ಅದು ಮಾತ್ರ ಯಾವ ಲೆಕ್ಕಕ್ಕೂ ಹಿಡಿಯುವುದಿಲ್ಲ ಬುಡಿ.