ಉಪಲೋಚನರಕ್ಷಾ ವಿಚಾರ: ಅಕ್ಕಿಆಲೂರು ಪಾಠಕ್ಕೊಂದು ಟಿಪ್ಪಣಿ

ಜಾತ್ರೆಯ ತೊಟ್ಟಿಲೇರಿದವನ ಮೂಗಿನಿಂದ ಚಾಳೀಸು ಜಾರುವ ವಿಷಯದಲ್ಲಿ ನಮ್ಮ ಪೂರ್ವಾಚಾರ್ಯರು ಬಾಯಿ ಬಿಟ್ಟಿಲ್ಲ. ರಥ, ಆನೆ, ಕುದುರೆ, ಪುಷ್ಪಕ ವಿಮಾನಗಳ ಬಗ್ಗೆ ಪುಟಗಟ್ಟಲೆ ಬರೆದವರು ಕೊಲಂಬಸ್, ಬ್ರೇಕ್ ಡ್ಯಾನ್ಸ್, ಟೊರಾಟೊರಾಗಳಿಗೆ ಒಂದು ಸೂತ್ರವನ್ನಾದರೂ ಬಿಟ್ಟುಹೋಗಬಾರದಿತ್ತೇ? ಈ ಕೊರತೆ ತುಂಬಲೆಂದೇ ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರನ್ನು ಕೇಂದ್ರವಾಗಿಟ್ಟು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳನ್ನು ಸುತ್ತ ನಿಲ್ಲಿಸಿಕೊಂಡು ಈ ಪ್ರಬಂಧ ಹೊರಟಿದೆ. ಅಕ್ಕಿಆಲೂರೇ ಏಕೆಂದರೆ, ಜಾರುಬಂಡೆಯ ನೀರಿನ ಪಾರ್ಕು ಇಲ್ಲಿಲ್ಲ. ವಿಷಯದಿಂದ ದೂರವಿದ್ದಷ್ಟೂ ವಿದ್ವಾಂಸನ ದೃಷ್ಟಿ ನಿಷ್ಪಕ್ಷಪಾತವಾಗಿರುತ್ತದೆ ಎಂಬುದು ಪಿಎಚ್.ಡಿ. ವಲಯದಲ್ಲಿ ಎಂದೋ ಇತ್ಯರ್ಥವಾದ ಮಾತು.

ಮೊದಲು ಪ್ರಾಚೀನತೆ. ಯಾವುದೇ ಶಾಸ್ತ್ರದ ಬೇರು ನಮ್ಮ ಜಿಲ್ಲೆಯಲ್ಲೇ ಇದೆಯೆಂದು ತೋರಿಸದೆ ಮುಂದೆ ಹೋಗುವುದು ಶಿಷ್ಟಾಚಾರವಲ್ಲ. ಕನ್ನಡಕ 13ನೇ ಶತಮಾನದ ಕೊನೆಗೆ ಇಟಲಿಯಲ್ಲಿ ಹುಟ್ಟಿತೆನ್ನುತ್ತಾರೆ, ಹುಟ್ಟಿರಲಿ. 16ನೇ ಶತಮಾನದಲ್ಲಿ ಸೋಮನಾಥ ಕವಿ ಬರೆದ ‘ವ್ಯಾಸಯೋಗಿಚರಿತ’ದಲ್ಲಿ ವಿಜಯನಗರದ ವ್ಯಾಸತೀರ್ಥರು ‘ಉಪಲೋಚನಗೋಲಕ’ ಹಿಡಿದು ಗ್ರಂಥ ನೋಡುವ ಪ್ರಸಂಗವಿದೆ. ಇದನ್ನು ಹೆಕ್ಕಿ ತೆಗೆದು ತೋರಿಸಿದವರು ವಿದ್ವಾಂಸ ಪಿ. ಕೆ. ಗೋಡೆ. ವ್ಯಾಸತೀರ್ಥರ ಶಿಷ್ಯರು ಕನಕದಾಸರು. ಕನಕದಾಸರ ಊರು ಶಿಗ್ಗಾವಿ ತಾಲ್ಲೂಕಿನ ಬಾಡ. ಅಲ್ಲಿಗೆ ಕನ್ನಡ ನೆಲದ ಹಳೆಯ ಚಾಳೀಸಿಗೂ ಹಾವೇರಿ ಜಿಲ್ಲೆಗೂ ಗುರುಶಿಷ್ಯ ಸಂಬಂಧ ಸಿದ್ಧವಾಯಿತು, ಇನ್ನು ತಕರಾರಿಲ್ಲ. ಯಾರೂ ಕಾಣದ ಕಡೆ ಹೋಗಿ ಬಾಳೆಹಣ್ಣು ತಿಂದು ಬನ್ನಿರೆಂದು ಗುರುಗಳು ಕಳಿಸಿದಾಗ ಕನಕರು ತಿನ್ನದೆ ಮರಳಿದರಲ್ಲ, ದೇವರು ಎಲ್ಲೆಲ್ಲೂ ನೋಡುತ್ತಾನೆಂಬುದೇ ಕಾರಣವೆಂದು ಕೀರ್ತನಕಾರರು ಹೇಳುತ್ತಾರೆ. ಗುರುಗಳ ಕೈಗೆ ಕನ್ನಡಕ ಬಂದಿತ್ತೆಂಬ ಅಂಶವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಆ ಕಾಲದ ಕನ್ನಡಕಕ್ಕೆ ಕಡ್ಡಿ ಇರಲಿಲ್ಲ ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ಕೈಯಲ್ಲಿ ಹಿಡಿಯಬೇಕು, ಇಲ್ಲವೇ ಮೂಗಿಗೆ ಚಿವುಟಿಸಬೇಕು. ಚೀನೀಯರು ದಾರಕ್ಕೆ ಸಣ್ಣ ತೂಕ ಕಟ್ಟಿ ಕಿವಿಯ ಹಿಂದೆ ಇಳಿಬಿಟ್ಟರು. ಲಂಡನ್ನಿನ ಎಡ್ವರ್ಡ್ ಸ್ಕಾರ್ಲೆಟ್ ಕಡ್ಡಿ ಕೂಡಿಸಿದ್ದು 18ನೇ ಶತಮಾನದಲ್ಲಿ, ಅಂದರೆ ಕನ್ನಡಕ ಹುಟ್ಟಿ ನಾನೂರು ವರ್ಷ ದಾಟಿದ ಮೇಲೆ. ಮನುಷ್ಯಜಾತಿ ಉಸ್ಸೆಂದು ಕೂತಿತು. ಕೂತದ್ದೇ ತಪ್ಪಾಯಿತು: 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ರೋಲರ್ ಕೋಸ್ಟರ್ ಓಡಿತು, 1893ರಲ್ಲಿ ಶಿಕಾಗೋದಲ್ಲಿ ಫೆರಿಸ್ ಎಂಬ ಎಂಜಿನಿಯರು 264 ಅಡಿ ಎತ್ತರದ ಚಕ್ರ ತಿರುಗಿಸಿದ. ಅದರ ಮೊಮ್ಮಕ್ಕಳೇ ಇಂದು ಲಾರಿಯಲ್ಲಿ ಬಿಚ್ಚಿಕೊಂಡು ಬಂದು ನಮ್ಮ ಜಾತ್ರೆ ಬಯಲಿನಲ್ಲಿ ನಟ್ಟುಬೋಲ್ಟು ಬಿಗಿಸಿಕೊಳ್ಳುವ ತೊಟ್ಟಿಲುಗಳು.

ಕ್ಷೇತ್ರಕಾರ್ಯಕ್ಕೆ ಶಿರಸಿಯ ಮಾರಿಕಾಂಬಾ ಜಾತ್ರೆಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಅದಕ್ಕೆ ಹಾನಗಲ್ಲ ಸೀಮೆಯವರು ಮನೆಮಂದಿಯೆಲ್ಲ ಹೋಗುತ್ತಾರೆ. ಕೊಲಂಬಸ್ ದೋಣಿಯನ್ನೇ ನೋಡಿ. ಅದು ಕೆಳಗೆ ಬರುವಾಗ ಮೈ ಭಾರವಾಗಿ ಚಾಳೀಸು ಮೂಗಿಗೆ ಒತ್ತಿಕೊಳ್ಳುತ್ತದೆ. ಅಷ್ಟು ಹೊತ್ತು ಅದಕ್ಕಿಂತ ವಿಧೇಯ ವಸ್ತು ಇನ್ನೊಂದಿಲ್ಲ. ತುದಿಗೆ ಏರಿ, ನಿಂತು, ಹಿಂದಕ್ಕೆ ತಿರುಗಬೇಕೆನ್ನುವ ಆ ಗಳಿಗೆಯಲ್ಲಿ ಸೀಟಿನ ಮೇಲಿನ ಭಾರ ಕರಗುತ್ತದೆ, ಹೊಟ್ಟೆ ಬಾಯಿಗೆ ಬರುತ್ತದೆ. ಆಗ ಚಾಳೀಸು ಮೂಗಿನ ಮೇಲೆ ಕೂತಿರುವುದಿಲ್ಲ, ಕೂತಂತೆ ನಟಿಸುತ್ತಿರುತ್ತದೆ. ಮೂಗಿನ ಬೆವರು ಜೊತೆಗೂಡಿತೆಂದರೆ ನಾಟಕವೂ ಮುಗಿಯಿತು. ದೋಣಿಯ ಎರಡು ತುದಿಗಳೇ ಅತಿ ಎತ್ತರಕ್ಕೆ ಹೋಗುವುದರಿಂದ ತುದಿ ಸೀಟು ಹುಡುಗರಿಗೆ, ನಡುವಿನ ಸೀಟು ನಂಬರ್ ಇದ್ದವರಿಗೆ ಎಂಬುದು ಸಿದ್ಧಾಂತ. ಇದಕ್ಕೆ ವಿರುದ್ಧ ನಿದರ್ಶನ ಬೇಕಾದವರು ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋಗಬಹುದು. ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯ ಆ ಹಳ್ಳಿಯಲ್ಲಿ ಮನುಷ್ಯರೂ ದನಗಳೂ ಇದ್ದಾರೆ, ಯಾರೂ ಅಲ್ಲಾಡುವುದಿಲ್ಲ. ಚಾಳೀಸಿಗೆ ಅಷ್ಟು ಅನುಕೂಲದ ಪಾರ್ಕು ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ನೀರಿನ ಅಧ್ಯಾಯ ಇನ್ನೂ ಘೋರ. ಬಿಡದಿಯ ಹತ್ತಿರ 2005ರಲ್ಲಿ ತೆರೆದ ವಂಡರ್‌ಲಾಕ್ಕೆ, ಮೈಸೂರಿನ ಜಿ.ಆರ್.ಎಸ್. ಪಾರ್ಕಿಗೆ ನಮ್ಮ ಶಾಲೆಗಳ ಪ್ರವಾಸ ಹೋಗುತ್ತದೆ. ಹತ್ತಿ ಬಟ್ಟೆ ಬೇಡ, ನೈಲಾನ್ ಬೇಕು, ಕನ್ನಡಕ ತೆಗೆದಿಡಿ ಎಂದು ಅಲ್ಲಿಯವರು ಹೇಳುವುದರಲ್ಲಿ ಪದಾರ್ಥವಿಜ್ಞಾನ ಅಡಗಿದೆ. ಗಾಜಿನ ಮಸೂರ ನೀರಿಗಿಂತ ಸುಮಾರು ಎರಡೂವರೆ ಪಟ್ಟು ಸಾಂದ್ರ. ಹಗುರ ಹಗುರ ಎಂದು ಹೊಗಳಿ ಹೆಚ್ಚು ದುಡ್ಡಿಗೆ ಮಾರುವ ಪ್ಲಾಸ್ಟಿಕ್ ಮಸೂರ 1.3 ಪಟ್ಟು, ಪಾಲಿಕಾರ್ಬೊನೇಟ್ 1.2 ಪಟ್ಟು. ಬಡವನದೂ ಮುಳುಗುತ್ತದೆ, ಶ್ರೀಮಂತನದೂ ಮುಳುಗುತ್ತದೆ. ಶ್ರೀಮಂತನದು ಸ್ವಲ್ಪ ತಡವಾಗಿ. ಮುಳುಗಿದ್ದು ಪಾರದರ್ಶಕ. ಹುಡುಕಬೇಕಾದವನಿಗೆ ಹುಡುಕಲು ಬೇಕಾದದ್ದೇ ಅದು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ, ಮಾಸ್ತರರು ಬೇರೆ ಏನೋ ಅನ್ನುತ್ತಾರೆ.

ಅಮೆರಿಕದ ಯೂಟಾದಲ್ಲಿ ಕೊಲೊರಾಡೊ ನದಿಯ ದೋಣಿ ಮಾರ್ಗದರ್ಶಿಯೊಬ್ಬ 1983ರಲ್ಲಿ ಎರಡೂ ಕಡ್ಡಿಗೆ ಸಿಕ್ಕಿಸುವ ಹತ್ತಿಯ ಪಟ್ಟಿ ಮಾಡಿ ಚಮ್ಸ್ ಎಂದು ಹೆಸರಿಟ್ಟು ಮಾರಿದ. ಈಗ ತೇಲುವ ಪಟ್ಟಿಯೂ ಸಿಗುತ್ತದೆ. ಬಾವಿಯಲ್ಲಿ ಈಜು ಕಲಿಯುವಾಗ ನಮ್ಮವರು ಹುಡುಗರ ಬೆನ್ನಿಗೆ ಬೆಂಡು ಕಟ್ಟುತ್ತಿದ್ದರು. ಬೆನ್ನಿನಿಂದ ಮೂಗಿಗೆ ಅದನ್ನು ಏರಿಸುವ ಬುದ್ಧಿ ನಮಗೆ ಬರಲಿಲ್ಲ. ಬಂದಿದ್ದರೆ ಪೇಟೆಂಟು ಹಿರೇಕೆರೂರಿನಲ್ಲಿರುತ್ತಿತ್ತು.

ಮತಭೇದಗಳಿಗೆ ಬರೋಣ. ಹಸ್ತವಾದಿಗಳು ಒಂದು ಕೈಯಲ್ಲಿ ಚಾಳೀಸು ಹಿಡಿಯುತ್ತಾರೆ. ಸರಳು ಹಿಡಿಯಲು ಒಂದೇ ಕೈ ಉಳಿಯುವುದರಿಂದ ಮೊದಲ ಸುತ್ತಿನಲ್ಲೇ ಮತಾಂತರವಾಗುತ್ತಾರೆ. ಕಿಸೆವಾದಿಗಳ ಚಾಳೀಸು ಬೀಳುವುದಿಲ್ಲ, ಎದೆಗೆ ಸರಳು ಒತ್ತಿ ಮೂರು ತುಂಡಾಗುತ್ತದೆ. ಲಾಡಿವಾದಿಗಳು ತಲೆಯ ಹಿಂದೆ ದಾರ ಬಿಗಿಯುತ್ತಾರೆ, ಇದು ಬಲವಾದ ಮತ. ಆದರೆ ಅದರ ಪರೀಕ್ಷೆ ನಡೆಯಬೇಕಾದ್ದು ತೊಟ್ಟಿಲಿನಲ್ಲಲ್ಲ, ದೀಪಾವಳಿ ಮುಗಿದ ಮೇಲೆ ನಮ್ಮ ಊರುಗಳ ಹೋರಿ ಹಬ್ಬದ ಅಖಾಡದಲ್ಲಿ. ಪೀಪಿ ಹೋರಿಯನ್ನು ದೂರ ನಿಂತು ನೋಡಬಹುದು. ಕೊಬ್ಬರಿ ಹೋರಿಯ ಕೊರಳಿಗೆ ಕೈ ಹಾಕುವವನು ಮಾತ್ರ ದೂರದೃಷ್ಟಿ, ಸಮೀಪದೃಷ್ಟಿ ಎರಡನ್ನೂ ಮನೆಯಲ್ಲಿಟ್ಟು ಬರಬೇಕಾಗುತ್ತದೆ. ತೊಟ್ಟಿಲಿಗೆ ಟಿಕೆಟ್ ಇದೆ, ನಿಲ್ಲಿಸುವವನೊಬ್ಬನಿದ್ದಾನೆ. ಹೋರಿಗೆ ಎರಡೂ ಇಲ್ಲ.

ಉಳಿದದ್ದು ಪರಹಸ್ತವಾದ. ಈ ಲೇಖಕನ ಮತವೂ ಅದೇ.

“ಚಿಗವ್ವಾ, ಇದನ್ನೊಂದೀಟು ಹಿಡ್ಕೊ. ಗಾಜಿಗೆ ಕೈ ಹಚ್ಚಬ್ಯಾಡ.”

“ಹಚ್ಚಂಗಿಲ್ಲ ಹೋಗಪಾ. ಗಟ್ಟಿ ಕುಂದರು.”

ಹೀಗೆ ಹೇಳುವ ಹೊತ್ತಿಗೆ ಚಿಗವ್ವನ ಬಲಗೈಯಲ್ಲಿ ಬೇರೆಯವರ ಎರಡು ಚಾಳೀಸು, ಎಡಗೈಯಲ್ಲಿ ಮಿರ್ಚಿಯ ಪೊಟ್ಟಣ, ಬಗಲಲ್ಲಿ ಕೂಸು, ಮೊಣಕೈಗೆ ನೇತುಬಿದ್ದ ಚೀಲದಲ್ಲಿ ಸವಣೂರು ಖಾರ, ಸೆರಗಿನ ಗಂಟಿನಲ್ಲಿ ಎಲ್ಲರ ವಾಪಸ್ ಬಸ್ಸಿನ ದುಡ್ಡು, ಕಾಲ ಬುಡದಲ್ಲಿ ಏಳು ಜೊತೆ ಚಪ್ಪಲಿ. ಗಾಜಿಗೆ ಮಿರ್ಚಿ ಎಣ್ಣೆ ತಾಗುತ್ತದೆ, ನಿಜ. ಬೀಳುವುದು ಮಾತ್ರ ಇಲ್ಲ. ಮೇಲೆ ಹೋದವನಿಗೆ ಬೆಳಕೆಲ್ಲ ಚೆಂಡು ಹೂವಿನಂತೆ ಅರಳಿ ಕಾಣುತ್ತದೆ; ನೆಲ ಎಷ್ಟು ಕೆಳಗಿದೆ ಗೊತ್ತಾಗುವುದಿಲ್ಲ, ಆದ್ದರಿಂದ ಹೆದರಿಕೆಯಿಲ್ಲ. ಯಾರದೋ ಚಿಗವ್ವನಿಗೆ ಕೈ ಬೀಸಿ ಇಳಿಯುತ್ತಾನೆ. ಇಳಿದವನೇ ನಾನು ಕಣ್ಣು ಮುಚ್ಚಲೇ ಇಲ್ಲ ಎನ್ನುತ್ತಾನೆ.

ಇಲ್ಲಿ ಪೂರ್ವಪಕ್ಷಿಯ ಆಕ್ಷೇಪ: ನೋಡಲೆಂದು ದುಡ್ಡು ಕೊಟ್ಟು ಮೇಲೇರಿ, ಕಾಣದೆ ಇಳಿದರೆ ಏನು ಬಂತು? ಉತ್ತರ: ಹೆದರದೆ ಇಳಿದದ್ದು ಬಂತು. ಎರಡನೆಯ ಆಕ್ಷೇಪ: ಕಾವಲು ನಿಂತವಳು ಗುಂಪಿನಲ್ಲಿ ಕಳೆದುಹೋದರೆ? ಉತ್ತರ: ಅವಳು ಕಳೆಯುವುದಿಲ್ಲ, ಏಳು ಜೊತೆ ಚಪ್ಪಲಿ ಬಿಟ್ಟು ಎಲ್ಲಿಗೆ ಹೋದಾಳು?

ಮೂರನೆಯ ಆಕ್ಷೇಪ: ಚಿಗವ್ವನಿಗೂ ತೊಟ್ಟಿಲು ಹತ್ತುವ ಮನಸ್ಸಾದರೆ? ಇದಕ್ಕೆ ಯಾವ ಭಾಷ್ಯಕಾರನೂ ಉತ್ತರ ಬರೆದಿಲ್ಲ. ಈ ಲೇಖಕ ಬರೆಯಲು ಹೊರಟಿದ್ದ. ಅಷ್ಟರಲ್ಲಿ ಕೂಸು, ಪೊಟ್ಟಣ, ಮೂರು ಚಾಳೀಸು ಎಲ್ಲವನ್ನೂ ಅವನ ಮಡಿಲಿಗೆ ಸುರಿದು, “ಟಿಕೆಟ್ ತಗಸೇನಿ, ಈಗ ಬಂದೆ,” ಎಂದು ಆಕೆ ಸೆರಗು ಸಿಗಿಸಿಕೊಂಡು ಪಾಳಿಯಲ್ಲಿ ನಿಂತಾಗಿದೆ.